ಗಾಳಿಗುಳ್ಳೆಯೊಡನೆ ಗಳಿಗೆ ಹೊತ್ತು

ಗುಂಡ್ಲುಪೇಟೆಯಿಂದ ಎಲೆಕೋಸು, ಬೀಟ್‌ರೂಟು ಹೇರಿಕೊಂಡು ಹೊರಟ ಲಾರಿ ದಿಂಬಂ ಘಾಟಿಯ 27 ತಿರುವು ಇಳಿದು, ಪಾಲಕ್ಕಾಡು, ಕೊಚ್ಚಿ ದಾಟಿ, ತಿರುವನಂತಪುರದ ಚಾಲ ಮಾರುಕಟ್ಟೆಯಲ್ಲಿ ಸರಕು ಇಳಿಸಿತು. ವಾಪಸ್ ಲೋಡು ಹುಡುಕಿಕೊಂಡು ವಿಳಿಂಜಂ ಕಡೆಗೆ ಬಂದದ್ದು ಮುಕ್ಕೋಲದ ಹತ್ತಿರ ನಿಂತುಬಿಟ್ಟಿತು. ಕ್ಲಚ್ ತುಳಿದರೆ ಪೆಡಲ್ಲು ನೆಲ ಮುಟ್ಟುತ್ತದೆ, ಗೇರು ಕರಕರ ಎನ್ನುತ್ತದೆಯೇ ಹೊರತು ಬೀಳುವುದಿಲ್ಲ. ಊರಿನಲ್ಲಿದ್ದ ಮಾಲೀಕರು ಫೋನಿನಲ್ಲೇ ರೋಗ ಪತ್ತೆ ಮಾಡಿ, “ಕ್ಲಚ್ ಪ್ಲೇಟೇ ಹೊಂಟೋಗದ, ಗೇರ್‌ಬಾಕ್ಸ್ ಇಳ್ಸ್‌ಬುಡಿ” ಎಂದರು. ವರ್ಕ್‌ಶಾಪಿನ ಮೇಸ್ತ್ರಿ, ಅಲ್ಲಿಯವರ ಬಾಯಲ್ಲಿ ‘ಆಶಾನ್’, ಗೇರ್‌ಬಾಕ್ಸ್ ಮುಟ್ಟಲಿಲ್ಲ. ಕ್ಲಚ್ಚಿನ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಎರಡನ್ನೂ ಬಿಚ್ಚಿ ಹೊಸದು ಹಾಕಿದರು. ಆದರೂ ಪೆಡಲ್ಲು ಮೆತ್ತಗೇ ಇತ್ತು. ಒಳಗೆ ಇನ್ನೊಬ್ಬರು ಕೂತಿದ್ದರು. ಅವರನ್ನು ಹೊರಗಟ್ಟುವ ಮೊದಲು ನಾವು ಮಾತಿಗೆಳೆದೆವು.

ನಮಸ್ಕಾರ. ತಮ್ಮ ಹುದ್ದೆ?

ಗಾಳಿಗುಳ್ಳೆ. ಮೇಲೆ ಮಾಸ್ಟರ್, ಕೆಳಗೆ ಸ್ಲೇವ್, ನಡುವೆ ಪೈಪು, ಪೈಪಿನಲ್ಲಿ ಆಯಿಲ್ಲು, ಆಯಿಲ್ಲಿನಲ್ಲಿ ನಾನು.

ಕೆಲಸ?

ಕುಗ್ಗುವುದು. ಆಯಿಲ್ಲಿಗೆ ಆ ಕಲೆ ಒಲಿದಿಲ್ಲ, ಪಾಪ. ಈ ತುದಿಯಲ್ಲಿ ಒತ್ತಿದರೆ ಆ ಒತ್ತಡವನ್ನು ಹಾಗೇ ಆ ತುದಿಗೆ ಮುಟ್ಟಿಸುತ್ತದೆ. ಪ್ಯಾಸ್ಕಲ್ ಎಂಬ ಫ್ರೆಂಚ್ ಮಹಾಶಯ 17ನೇ ಶತಮಾನದಲ್ಲಿ ಹೇಳಿಟ್ಟದ್ದನ್ನು ಅದು ಇವತ್ತಿಗೂ ಮೀರಿಲ್ಲ. ನಾನು ಹಾಗಲ್ಲ. ಮೇಲಿನವರು ಎಷ್ಟು ತುಳಿದರೂ “ಆಗಲಿ ಸ್ವಾಮಿ” ಎಂದು ಕುಗ್ಗುತ್ತೇನೆ. ಕಾಲು ತೆಗೆದರೆ ಮೊದಲಿನಷ್ಟೇ ಉಬ್ಬುತ್ತೇನೆ. ಕೆಳಗಿನ ಪುಶ್ ರಾಡಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ತುಳಿದವರಿಗೆ ತುಳಿದ ಸಮಾಧಾನ, ಕೆಳಗಿನವರಿಗೆ ವಿಶ್ರಾಂತಿ.

ಇದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ?

ಎಲ್ಲಾದರೂ ಅರ್ಜಿ ಕೊಟ್ಟು ಬಂದಿದ್ದರೆ ನೋಡಿಯೇ ಇರುತ್ತೀರಿ.

ನಿಮ್ಮ ನೇಮಕಾತಿ ಹೇಗಾಯಿತು?

ಹಿಂಬಾಗಿಲು ಬೇಕಾದಷ್ಟಿವೆ. ಡಬ್ಬಿಯಲ್ಲಿ ಆಯಿಲ್ಲು ಇಳಿದದ್ದನ್ನು ಡ್ರೈವರ್ ನೋಡದಿದ್ದರೆ ಸಾಕು, ಒಳಗಿರುತ್ತೇನೆ. ಸಿಲಿಂಡರಿನ ರಬ್ಬರ್ ವಾಶರ್ ಸವೆದರೂ ನಡೆಯುತ್ತದೆ. ಇಲ್ಲಿ ಕಡಲ ದಡದಲ್ಲಂತೂ ನಮಗೆ ನೆಂಟಸ್ತಿಕೆಯ ಬಲವಿದೆ. ಕ್ಲಚ್ಚಿಗೆ ಹಾಕುವುದೂ ಬ್ರೇಕ್ ಆಯಿಲ್ಲನ್ನೇ ತಾನೆ? ಅದಕ್ಕೆ ನೀರಿನ ಚಟ. ಮುಚ್ಚಳ ಸಡಿಲ ಬಿಟ್ಟರೆ ಗಾಳಿಯಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತದೆ. ಡಾಟ್ 3 ಆಯಿಲ್ಲು ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಎಂಬ ಕಟ್ಟಳೆ ಇದೆ. ನೀರು ಕುಡಿದ ಮೇಲೆ ಆ ಕಟ್ಟಳೆ 140ಕ್ಕೇ ಇಳಿಯುತ್ತದೆ. ಬಿಸಿ ಅಲ್ಲಿಯವರೆಗೆ ಏರಿತೋ, ಆ ನೀರು ಆವಿಯಾಗಿ ನಮ್ಮ ಪಂಗಡಕ್ಕೆ ಸೇರಿತು. ಪಾಲಕ್ಕಾಡು ದಾಟಿದ ಮೇಲೆ ಕುದಿರಾನ್ ಏರಿನಲ್ಲಿ ಆ ಬಿಸಿ ಸಿಗುತ್ತಿತ್ತು. 2021ರಲ್ಲಿ ಅಲ್ಲಿ ಸುರಂಗ ತೆರೆದು ಏರು ತಪ್ಪಿಸಿಬಿಟ್ಟರು, ಆ ಸುಖ ಹೋಯಿತು.

ಈ ಸಲ ಮಾತ್ರ ನಾನು ಮುಂಬಾಗಿಲಿನಲ್ಲೇ ಬಂದೆ. ಹೊಸ ಸಿಲಿಂಡರ್ ಎಂದರೆ ಒಳಗೆ ಪೂರ್ತಿ ನಾವೇ. ಸಾಮಾನು ಬದಲಿಸಿದ ಖುಷಿಯಲ್ಲಿ ಯಾರೂ ನಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳಬರನ್ನು ವರ್ಗ ಮಾಡಿ ಹೊಸಬರನ್ನು ತಂದರೆ ಕೆಲಸ ಆದ ಹಾಗೆ ಎಂದು ನಂಬುವವರು ಇರುವವರೆಗೆ ನಮಗೆ ಭಯವಿಲ್ಲ.

ದೊಡ್ಡ ಲಾರಿಗಳಲ್ಲಿ ಕ್ಲಚ್ಚಿಗೆ ಗಾಳಿಯೇ ನೆರವಾಗುತ್ತದಂತೆ?

ಅದು ನಮ್ಮ ಅಣ್ಣ. ಬೂಸ್ಟರ್‌ನಲ್ಲಿ ಕೆಲಸ. ಟ್ಯಾಂಕಿನಿಂದ ಬಿಗಿಯಾಗಿಯೇ ಬಂದು, ಹೇಳಿದ ಕಡೆ ಒತ್ತಿ ಹೋಗುತ್ತಾನೆ. ಮನೆತನಕ್ಕೇ ಅವಮಾನ. ಅವನ ಸುದ್ದಿ ಬೇಡ.

ಪಕ್ಕದಲ್ಲೇ ವಿಳಿಂಜಂ ಬಂದರು ಇದೆ. ಅಲ್ಲಿ ನಿಮ್ಮವರು ಇದ್ದಾರೆಯೇ?

2015ರ ಡಿಸೆಂಬರಿನಲ್ಲಿ ಶಿಲಾನ್ಯಾಸವಾದಾಗ ಸಾವಿರ ದಿನದಲ್ಲಿ ಮುಗಿಯುತ್ತದೆ ಎಂದಿದ್ದರು. ವಹಿವಾಟು ಅಧಿಕೃತವಾಗಿ ಶುರುವಾದದ್ದು 2024ರ ಡಿಸೆಂಬರ್ 3ಕ್ಕೆ. ದಿನ ನೀವೇ ಎಣಿಸಿಕೊಳ್ಳಿ.

2017ರಲ್ಲಿ ಒಖಿ ಚಂಡಮಾರುತ ಅಲೆತಡೆಗೆ ಹಾನಿ ಮಾಡಿತು. ಕಲ್ಲು ಸಾಲದೆ ಹೋಯಿತು. 2022ರಲ್ಲಿ ಮೀನುಗಾರರು ಆಗಸ್ಟಿನಿಂದ ಡಿಸೆಂಬರಿನವರೆಗೆ ಗೇಟಿನೆದುರು ಕೂತರು. ಎಲ್ಲವೂ ನಿಮ್ಮದೇ ಸಾಧನೆ ಎಂದರೆ ಹೇಗೆ?

ಚಂಡಮಾರುತ ನಮ್ಮ ದೊಡ್ಡಪ್ಪ, ಅವರ ಬಗ್ಗೆ ನಾನು ಮಾತಾಡಲಾರೆ. ಕಲ್ಲಿನ ಮಾತು ಬೇರೆ. ಬಂಡೆ ಬೆಟ್ಟದಲ್ಲೇ ಇತ್ತು, ಪರವಾನಗಿ ಇರಲಿಲ್ಲ. ಅಲ್ಲಿ ನಮ್ಮವರು ಚೆನ್ನಾಗಿ ಕೆಲಸ ಮಾಡಿದರು. ಇನ್ನು ಮೀನುಗಾರರು. ಅವರದು ಗಾಳಿಯಲ್ಲ, ಅದು ಒತ್ತಡ. ಕಡಲು ದಡ ತಿಂದು ಮನೆ ಕಳೆದುಕೊಂಡವರು ವಲಿಯತುರದ ಸಿಮೆಂಟ್ ಗೋದಾಮಿನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದರು. ಗೇಟಿನ ಮುಂದೆ ಬಂದು ಕೂರುವ ಮೊದಲೂ ಅವರು ತುಳಿಯುತ್ತಲೇ ಇದ್ದರು. ನಡುವೆ ಕುಗ್ಗುತ್ತ ಕೂತವರು ನಮ್ಮವರು.

(ಇಷ್ಟು ಹೇಳಿ ಗುಳ್ಳೆ ಹೆಮ್ಮೆಯಿಂದ ಉಬ್ಬಿತು. ನಮಗದು ಹಿಡಿಸಲಿಲ್ಲ, ಆದರೆ ಸುಳ್ಳೆನ್ನಲೂ ಆಗಲಿಲ್ಲ.)

ಬಂದರಿನೊಳಗೇ ಒಂದು ಕೆಲಸ ಹಿಡಿಯಬಹುದಿತ್ತು.

ಹೋಗಿ ನೋಡಿದ್ದೇನೆ. ಯಾರ್ಡಿನ ಕ್ರೇನುಗಳ ಮೇಲೆ ಆಳೇ ಇಲ್ಲ. ಆಸುಪಾಸಿನ ಹೆಣ್ಣುಮಕ್ಕಳು ಕಂಟ್ರೋಲ್ ರೂಮಿನಲ್ಲಿ ಕೂತು ಓಡಿಸುತ್ತಾರೆ. 2025ರ ಜೂನಿನಲ್ಲಿ ಎಂಎಸ್‌ಸಿ ಐರಿನಾ ಬಂತು, ಇಪ್ಪತ್ತಡಿಯ 24,346 ಕಂಟೇನರ್ ಹೊರುವ ಹಡಗು. ನಾನು ಬಾಯಿ ಚಪ್ಪರಿಸಿದೆ, ಎಷ್ಟು ಲಾರಿ, ಎಷ್ಟು ಕ್ಲಚ್ಚು! ಆದರೆ ಆಗ ಅಲ್ಲಿ ನಡೆಯುತ್ತಿದ್ದದ್ದು ಒಂದು ಹಡಗಿನಿಂದ ಇಳಿಸಿ ಇನ್ನೊಂದು ಹಡಗಿಗೆ ಏರಿಸುವ ವ್ಯಾಪಾರ. 66ನೇ ಹೆದ್ದಾರಿಗೆ ಕೂಡುವ ರಸ್ತೆ ಮುಗಿಯದೆ ಲಾರಿಗಳಿಗೆ ಪಾಲಿರಲಿಲ್ಲ. ಆ ರಸ್ತೆಯ ಕಡತದಲ್ಲಿ ಯಾರಿದ್ದರೆಂದು ಕೇಳಬೇಡಿ.

ಕೆಳಗೆ ಮಲಗಿರುವ ಆಶಾನ್ ಬಗ್ಗೆ ಏನಂತೀರಿ?

ತೊಂದರೆ ಮನುಷ್ಯ. ಗೇರ್‌ಬಾಕ್ಸ್ ಇಳಿಸಿದ್ದರೆ ಅವರಿಗೂ ನಾಲ್ಕು ಕಾಸಾಗುತ್ತಿತ್ತು. ಅದು ಬಿಟ್ಟು, ಸಿಲಿಂಡರ್ ಬಿಚ್ಚುವ ಮೊದಲೇ ಪೆಡಲ್ಲನ್ನು ಬಿಡದೆ ಪಂಪ್ ಮಾಡಿ ನೋಡಿದರು. ಪೆಡಲ್ಲು ಗಟ್ಟಿಯಾಗಿ ಗೇರು ಬಿತ್ತು. ಅಲ್ಲಿಗೆ ನಮ್ಮವರ ಗುಟ್ಟು ರಟ್ಟಾಯಿತು. ಪ್ಲೇಟು ಹೋಗಿದ್ದರೆ ಪಂಪ್ ಮಾಡಿದರೆ ಸರಿಹೋಗುತ್ತಿತ್ತೆ? ಆಮೇಲೆ ಹಳೆಯ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿದರು, ಒಳಗೆ ಒದ್ದೆ. ಡಬ್ಬಿಯ ಆಯಿಲ್ಲು ಚಹಾ ಬಣ್ಣಕ್ಕೆ ತಿರುಗಿತ್ತು. ಇಷ್ಟು ಸಾಕ್ಷಿ ಸಿಕ್ಕ ಮೇಲೆ ಉಳಿಯುವುದು ಕಷ್ಟ.

ಮಾತು ಇಲ್ಲಿಗೆ ಬಂದಾಗ ಆಶಾನ್ ಸ್ಲೇವ್ ಸಿಲಿಂಡರಿನ ನಿಪ್ಪಲ್ಲಿಗೆ ಸಣ್ಣ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಯಿಲ್ಲಿರುವ ಬಾಟಲಿಯಲ್ಲಿ ಮುಳುಗಿಸಿದ್ದರು. “ಚವಿಟ್ಟ್!” ಎಂದು ಕೆಳಗಿನಿಂದ ಕೂಗಿದರು. ಡ್ರೈವರಿಗೆ ಅಷ್ಟು ಮಲಯಾಳ ಸಾಕು. ನಾಲ್ಕು ಸಲ ತುಳಿದು ಒತ್ತಿ ಹಿಡಿದ. ಸ್ಪ್ಯಾನರ್ ಅರ್ಧ ಸುತ್ತು ತಿರುಗಿತು, ಪೆಡಲ್ಲು ಕುಸಿಯಿತು, ಪೈಪಿನಲ್ಲಿ ಗುಳ್ಳೆಗಳ ಸಾಲು ಓಡಿ ಬಾಟಲಿಗೆ ಬಿತ್ತು. ನಿಪ್ಪಲ್ಲು ಮುಚ್ಚುವ ಮೊದಲೇ ಡ್ರೈವರ್ ಕಾಲೆತ್ತಿಬಿಟ್ಟ.

ವಾಪಸ್ ಬಂದಿರಾ?

ಆ ಡ್ರೈವರ್ ನಮಗೆ ಬಹಳ ಬೇಕಾದವರು. ಕೆಲಸ ಮುಗಿಯುವ ಮೊದಲೇ ಕಾಲೆತ್ತುವವರಿಂದಲೇ ನಮ್ಮ ವಂಶ ಉಳಿದಿದೆ.

ಆಶಾನ್ ಬೈದರು, ಯಾವ ಭಾಷೆಯವರಿಗೂ ತಿಳಿಯುವ ಹಾಗೆ. ಮೇಲಿನ ಡಬ್ಬಿ ಖಾಲಿಯಾಗದಂತೆ ಹೊಸ ಆಯಿಲ್ಲು ಸುರಿದು ಮತ್ತೆ ಶುರು ಮಾಡಿದರು. ತುಳಿ, ಹಿಡಿ, ತೆರೆ, ಮುಚ್ಚು, ಆಮೇಲೆ ಕಾಲು ಬಿಡು.

ಇಲ್ಲಿಂದ ಹೋದ ಮೇಲೆ ಏನು ಮಾಡುತ್ತೀರಿ?

ಯಾವುದಾದರೂ ಸಮನ್ವಯ ಸಮಿತಿಗೆ ಸೇರಿಕೊಳ್ಳುತ್ತೇನೆ.

ಬಾಟಲಿಯಲ್ಲಿ ಗುಳ್ಳೆ ನಿಂತಿತು. ಪೆಡಲ್ಲು ಅರ್ಧದಲ್ಲೇ ಗಟ್ಟಿಯಾಯಿತು, ರಿವರ್ಸ್ ಗೇರು ಸದ್ದಿಲ್ಲದೆ ಬಿತ್ತು. ಗೇರ್‌ಬಾಕ್ಸ್ ಎಲ್ಲಿತ್ತೋ ಅಲ್ಲೇ ಇದೆ.

ಲಾರಿ ಇಟ್ಟುಕೊಂಡ ಓದುಗರು ಎರಡು ವರ್ಷಕ್ಕೊಮ್ಮೆ ಈ ಆಯಿಲ್ಲು ಬದಲಿಸಿ. ಎಂದೋ ತೆರೆದಿಟ್ಟ ಡಬ್ಬಿಯದನ್ನು ಹಾಕಬೇಡಿ, ಬಾಟಲಿಗೆ ಇಳಿದದ್ದನ್ನು ಮತ್ತೆ ಮೇಲಕ್ಕೆ ಸುರಿಯಬೇಡಿ. ಕಚೇರಿಗಳಲ್ಲಿ ಇಂಥ ನಿಪ್ಪಲ್ಲು ಎಲ್ಲಿರುತ್ತದೆಂದು ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ, ಸಂತೋಷದಿಂದ ಪ್ರಕಟಿಸುತ್ತೇವೆ.