ಯಾರದೋ ದುಡ್ಡು, ಸಿನಿಮಾ ಜಾತ್ರೆ

ಸಿನಿಮಾ ನೋಡುವವರಲ್ಲಿ ಎರಡು ಪಂಗಡ. ದುಡ್ಡು ಕೊಟ್ಟು ನೋಡುವವರು, ಪಾಸಿನಲ್ಲಿ ನೋಡುವವರು. ಪಾಸಿನಲ್ಲಿ ನೋಡಿದವನ ಗತ್ತೇ ಬೇರೆ. ಸಿನಿಮಾ ಹೇಗಿತ್ತಪ್ಪಾ ಅಂದರೆ "ಪರವಾಗಿಲ್ಲ, ಒಂದ್ಸಲ ನೋಡಬಹುದು" ಅಂತ ದೊಡ್ಡ ಮನಸ್ಸು ಮಾಡುತ್ತಾನೆ. ಅದೇ ಸಿನಿಮಾವನ್ನು ಕಿಸೆಯಿಂದ ದುಡ್ಡು ತೆತ್ತು ನೋಡಿದವನು ಮಾತ್ರ ನಿರ್ದೇಶಕನ ಮೂರು ತಲೆಮಾರನ್ನೂ ಜಾಲಾಡಿಬಿಡುತ್ತಾನೆ. ಹಾಗಾಗಿ ಹೇಗಾದರೂ ಮಾಡಿ ಪಾಸಿನ ಪಂಗಡಕ್ಕೆ ಸೇರಬೇಕು ಅನ್ನುವುದು ಟಿಕೆಟ್ ಪಂಗಡದವರ ಜೀವಮಾನದ ಆಸೆ.

ಈ ಆಸೆಯನ್ನು 2017ರ ಆಗಸ್ಟಿನಲ್ಲಿ ಅಮೆರಿಕದ ಒಂದು ಕಂಪನಿ ತಿಂಗಳಿಗೆ 9 ಡಾಲರ್ 95 ಸೆಂಟಿಗೆ ಮಾರಾಟಕ್ಕಿಟ್ಟಿತು. ಕಂಪನಿಯ ಹೆಸರೇ ಮೂವಿಪಾಸ್. ಅಷ್ಟು ಕಟ್ಟಿದರೆ ದಿನಕ್ಕೊಂದು ಸಿನಿಮಾ, ತಿಂಗಳು ಪೂರ್ತಿ, ಥಿಯೇಟರಿನಲ್ಲೇ. ಆ ವರ್ಷ ಅಮೆರಿಕದಲ್ಲಿ ಒಂದು ಟಿಕೆಟ್ಟಿನ ಸರಾಸರಿ ಬೆಲೆಯೇ ಸುಮಾರು 9 ಡಾಲರ್. ನ್ಯೂಯಾರ್ಕಿನಂಥ ಊರಲ್ಲಿ 15 ಡಾಲರ್ ದಾಟುತ್ತಿತ್ತು. ಅಂದರೆ ನ್ಯೂಯಾರ್ಕಿನವನು ಒಂದೇ ಒಂದು ಸಿನಿಮಾ ನೋಡಿದರೂ ಕಂಪನಿಗೆ ಕೈಯಿಂದ ಖರ್ಚು. ಹಳ್ಳಿಗಾಡಿನವನು ಎರಡನೆಯದು ನೋಡಿದರೆ ನಷ್ಟ. ಇದನ್ನು ಕಂಡುಹಿಡಿಯಲು ಎಂಬಿಎ ಬೇಡ, ಮಗ್ಗಿ ಬಂದರೆ ಸಾಕು.

ಹಾಗಂತ ಮೂವಿಪಾಸ್ ಮೊದಲಿನಿಂದಲೂ ಹೀಗಿರಲಿಲ್ಲ. 2011ರಲ್ಲಿ ಸ್ಟೇಸಿ ಸ್ಪೈಕ್ಸ್ ಮತ್ತು ಹ್ಯಾಮೆಟ್ ವಾಟ್ ಎಂಬಿಬ್ಬರು ಇದನ್ನು ಶುರು ಮಾಡಿದಾಗ ಚಂದಾ ಜಾಸ್ತಿಯಿತ್ತು, ಚಂದಾದಾರರು ಕಡಿಮೆಯಿದ್ದರು. 2017ರ ಹೊತ್ತಿಗೂ ಇಪ್ಪತ್ತು ಸಾವಿರದ ಆಸುಪಾಸಿನ ಸಿನಿಮಾ ಹುಚ್ಚರು ತಮ್ಮ ಪಾಡಿಗೆ ತಾವು ನೋಡಿಕೊಂಡಿದ್ದರು. ಆರಕ್ಕೇರದೆ ಮೂರಕ್ಕಿಳಿಯದೆ ಸಾಗುತ್ತಿದ್ದ ಸಂಸಾರ. ಅಷ್ಟರಲ್ಲಿ ಮನೆಗೆ ಇಬ್ಬರು ಯಜಮಾನರು ಬಂದರು. ಒಬ್ಬರು ಮಿಚ್ ಲೋ, ನೆಟ್‌ಫ್ಲಿಕ್ಸ್ ಎಳೆಗೂಸಾಗಿದ್ದಾಗ ಅಲ್ಲಿ ದುಡಿದವರು, ಆಮೇಲೆ ಡಿವಿಡಿ ಬಾಡಿಗೆಯ ರೆಡ್‌ಬಾಕ್ಸ್ ನಡೆಸಿದವರು. ಇನ್ನೊಬ್ಬರು ಟೆಡ್ ಫಾರ್ನ್ಸ್‌ವರ್ತ್, ಹೀಲಿಯಾಸ್ ಅಂಡ್ ಮ್ಯಾಥೆಸನ್ ಅನಲಿಟಿಕ್ಸ್ ಕಂಪನಿಯ ಮುಖ್ಯಸ್ಥರು. ಈ ಹೀಲಿಯಾಸ್‌ನ ಬೇರು ಹುಡುಕಿಕೊಂಡು ಹೋದರೆ ಸಿಗುವುದು ನಮ್ಮ ಪಕ್ಕದ ಚೆನ್ನೈನ ಒಂದು ಸಾಫ್ಟ್‌ವೇರ್ ಕಂಪನಿ. ಅಮೆರಿಕದ ಸಿನಿಮಾ ಜಾತ್ರೆಗೆ ತೇರಿನ ಹಗ್ಗ ಇಲ್ಲಿಂದಲೇ ಹೋಗಿದೆ ಅಂತ ಬೇಕಾದರೆ ನಾವೂ ಒಂದು ಸಲ ಮೀಸೆ ತಿರುವಿಕೊಳ್ಳಬಹುದು.

ಕಾರ್ಡಿನ ಕೆಲಸ ನೋಡಲು ಮಜವಾಗಿತ್ತು. ಕೆಂಪು ಬಣ್ಣದ ಡೆಬಿಟ್ ಕಾರ್ಡು. ಮಾಮೂಲಿಗೆ ಅದರಲ್ಲಿ ಚಿಕ್ಕಾಸೂ ಇರುವುದಿಲ್ಲ. ಥಿಯೇಟರಿನ ನೂರು ಗಜದೊಳಗೆ ಹೋಗಿ ನಿಂತು ಫೋನಿನಲ್ಲಿ ಆ್ಯಪ್ ತೆಗೆಯಬೇಕು. ಸಿನಿಮಾ ಆರಿಸಿ, ಶೋ ಆರಿಸಿ, ಗುಂಡಿ ಒತ್ತಿದರೆ ಆ ಒಂದು ಟಿಕೆಟ್ಟಿನ ದುಡ್ಡು ಬಂದು ಕಾರ್ಡಿನಲ್ಲಿ ಕೂರುತ್ತದೆ. ಅರ್ಧ ಗಂಟೆಯೊಳಗೆ ಕೌಂಟರಿಗೆ ಹೋಗಿ ಉಜ್ಜಬೇಕು, ತಡ ಮಾಡಿದರೆ ಬಂದ ದುಡ್ಡು ಬಂದ ದಾರಿಯಲ್ಲೇ ವಾಪಸ್ಸು. ಥಿಯೇಟರಿನವನಿಗೆ ಮಾತ್ರ ಟಿಕೆಟ್ಟಿನ ಪೂರ್ತಿ ಬೆಲೆ, ಒಂದು ಸೆಂಟೂ ರಿಯಾಯಿತಿಯಿಲ್ಲ.

ತಮಾಷೆ ಇರುವುದೇ ಇಲ್ಲಿ. ಫುಲ್ ಮೀಲ್ಸ್ ಹೋಟೆಲಿನ ಯಜಮಾನ ತಿಂಗಳ ಊಟದ ಚೀಟಿ ಮಾರಿದರೆ ಅದಕ್ಕೊಂದು ಅರ್ಥವಿದೆ. ಅನ್ನ ಅವನದು, ಸಾರು ಅವನದು, ನಾಲ್ಕು ಜನ ಜಾಸ್ತಿ ಬಂದರೆ ಸಾರಿಗೆ ಒಂದು ಚೊಂಬು ನೀರು ಸೇರುತ್ತದೆ. ಆದರೆ ಹೋಟೆಲೂ ಇಲ್ಲದ, ಒಲೆಯೂ ಇಲ್ಲದ ಒಬ್ಬ ಬೀದಿಯಲ್ಲಿ ನಿಂತು ಒಂದು ಊಟದ ದುಡ್ಡಿಗೆ ಮೂವತ್ತು ಊಟದ ಚೀಟಿ ಮಾರಿ, ನೀವು ಪ್ರತಿ ಸಲ ಉಂಡೆದ್ದಾಗಲೂ ಓಡಿಬಂದು ಗಲ್ಲಾದಲ್ಲಿ ಪೂರ್ತಿ ಬಿಲ್ಲು ಕಟ್ಟಿ ಹೋದರೆ ಅವನಿಗೆ ಏನನ್ನಬೇಕು? ನಾವಾದರೆ ಪುಣ್ಯಾತ್ಮ ಅನ್ನುತ್ತೇವೆ. ಅಮೆರಿಕದ ಷೇರುಪೇಟೆ ದಾರ್ಶನಿಕ ಅಂದಿತು. ಆಗಸ್ಟಿನಲ್ಲಿ ಮೂರು ಡಾಲರಿನ ಆಸುಪಾಸಿನಲ್ಲಿ ಬಿದ್ದಿದ್ದ ಹೀಲಿಯಾಸ್ ಷೇರು ಅಕ್ಟೋಬರ್ ಹೊತ್ತಿಗೆ 38 ಡಾಲರ್ ಮುಟ್ಟಿ ಬಂತು.

ದೇಶದ ಅತಿ ದೊಡ್ಡ ಥಿಯೇಟರ್ ಸಂಸ್ಥೆಯಾದ ಎಎಂಸಿ ಮಾತ್ರ ಮೊದಲ ದಿನವೇ ಮುಖ ಸಿಂಡರಿಸಿತ್ತು. ಸೀಸವನ್ನು ಚಿನ್ನ ಮಾಡುವ ವಿದ್ಯೆ ನಮಗೆ ಗೊತ್ತಿಲ್ಲ, ಇದು ಬಾಳುವ ಬದುಕಲ್ಲ ಎಂಬರ್ಥದ ಹೇಳಿಕೆ ಕೊಟ್ಟಿತು. ಕೊಟ್ಟು ಸುಮ್ಮನೆ ಕೂತು ಮೂವಿಪಾಸ್ ಕೊಟ್ಟ ಪೂರ್ತಿ ಟಿಕೆಟ್ ದುಡ್ಡನ್ನು ಎಣಿಸಿಕೊಂಡಿತು. ಬುದ್ಧಿವಾದ ಹೇಳಿ ದಕ್ಷಿಣೆಯನ್ನೂ ತೆಗೆದುಕೊಳ್ಳುವುದು ಅಂದರೆ ಇದೇ.

ಹಾಗಾದರೆ ಮೂವಿಪಾಸ್‌ನವರ ಲೆಕ್ಕ ಏನಿತ್ತು? ಮೂರಿತ್ತು. ಒಂದು, ಜನ ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಹಾಗೆ ನಾಲ್ಕು ದಿನ ಓಡಾಡುತ್ತಾರೆ, ಆಮೇಲೆ ಸೋಮಾರಿಗಳಾಗಿ ಮನೆಯಲ್ಲಿ ಬೀಳುತ್ತಾರೆ, ಚಂದಾ ಮಾತ್ರ ತಿಂಗಳು ತಿಂಗಳು ಬರುತ್ತಿರುತ್ತದೆ. ಎರಡು, ನಾವು ಇಷ್ಟು ಜನರನ್ನು ಕಳಿಸಿದರೆ ಥಿಯೇಟರಿನವರು ಪಾಪ್‌ಕಾರ್ನ್ ಲಾಭದಲ್ಲಿ ನಮಗೂ ಒಂದು ಪಾಲು ಕೊಡುತ್ತಾರೆ. ಮೂರು, ಯಾರು ಯಾವ ಸಿನಿಮಾ ನೋಡಿದರು, ಆಮೇಲೆ ಎಲ್ಲಿಗೆ ಹೋದರು ಎಂಬ ಮಾಹಿತಿಯನ್ನು ಮಾರಿದರೆ ಕೈತುಂಬ ಕಾಸು. ಈ ಮೂರನೆಯದನ್ನು ಲೋ ಸಾಹೇಬರು 2018ರ ಮಾರ್ಚಿನಲ್ಲಿ ಒಂದು ಸಭೆಯಲ್ಲಿ ಹೆಮ್ಮೆಯಿಂದಲೇ ಹೇಳಿಕೊಂಡರು. ಸಿನಿಮಾ ಮುಗಿಸಿ ನೀವು ಎಲ್ಲೆಲ್ಲಿ ಹೋಗುತ್ತೀರಿ ಅಂತ ನಮಗೆ ಗೊತ್ತು ಅನ್ನುವ ಧಾಟಿಯಲ್ಲಿ. ಹೆಂಡತಿಗೂ ಹೇಳದ ವಿಷಯ ಕಾರ್ಡಿನವನಿಗೆ ಗೊತ್ತಂತೆ ಅಂತ ಜನ ಹೌಹಾರಿದರು. ಕಂಪನಿ ಗಡಿಬಿಡಿಯಿಂದ ಆ್ಯಪಿನ ಆ ಸೌಕರ್ಯವನ್ನು ಕಿತ್ತುಹಾಕಿತು.

ಮೊದಲ ಲೆಕ್ಕವೂ ತಲೆಕೆಳಗಾಯಿತು. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಅನ್ನುವುದು ಮನುಷ್ಯಸ್ವಭಾವ. ಅದಕ್ಕೆ ವೀಸಾ ಬೇಕಾಗುವುದಿಲ್ಲ. 2017ರ ಡಿಸೆಂಬರಿಗೆ ಚಂದಾದಾರರು ಹತ್ತು ಲಕ್ಷ. ಮುಂದಿನ ಫೆಬ್ರವರಿಗೆ ಇಪ್ಪತ್ತು ಲಕ್ಷ. ಜೂನಿಗೆ ಮೂವತ್ತು ಲಕ್ಷ. ಒಬ್ಬೊಬ್ಬ ಹೊಸ ಗಿರಾಕಿ ಬಂದಾಗಲೂ ಕಂಪನಿ ಪತ್ರಿಕಾ ಪ್ರಕಟಣೆಯಲ್ಲಿ ನಗುತ್ತಿತ್ತು, ಖಾತೆ ಪುಸ್ತಕದಲ್ಲಿ ಅಳುತ್ತಿತ್ತು. ತಿಂಗಳಿಗೆ ಎರಡು ಕೋಟಿ ಡಾಲರಿಗೂ ಮಿಕ್ಕಿ ಕರಗುತ್ತಿತ್ತು. 2018ರ ಮೇ ಒಂದೇ ತಿಂಗಳಲ್ಲಿ ಕೊರತೆ ನಾಲ್ಕು ಕೋಟಿ ಡಾಲರ್. ಆ ತೂತು ಮುಚ್ಚಲು ಹೀಲಿಯಾಸ್ ಹೊಸ ಹೊಸ ಷೇರು ಅಚ್ಚು ಹಾಕಿ ಮಾರುತ್ತಲೇ ಹೋಯಿತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಆ ಯಾರೋ ಅಂದರೆ ಷೇರು ಕೊಂಡ ಬಡಪಾಯಿಗಳು.

ಇಷ್ಟರ ನಡುವೆ ಕಂಪನಿಗೆ ಸಿನಿಮಾ ನಿರ್ಮಾಣದ ಚಪಲವೂ ಹತ್ತಿತು. ಜಾನ್ ಟ್ರವೋಲ್ಟಾ ನಟಿಸಿದ 'ಗೊಟ್ಟಿ' ಎಂಬ ಭೂಗತ ದೊರೆಯ ಕಥೆಗೆ ಹಣ ಹಾಕಿತು. 2018ರ ಜೂನಿನಲ್ಲಿ ಬಿಡುಗಡೆಯಾದಾಗ ರಾಟನ್ ಟೊಮೆಟೋಸ್ ತಾಣದಲ್ಲಿ ವಿಮರ್ಶಕರ ಅಂಕ ಸೊನ್ನೆ. ಕಡಿಮೆ ಅಂಕ ಅಲ್ಲ ಸ್ವಾಮಿ, ಸೊನ್ನೆಯೇ. ಮೊದಲ ವಾರಾಂತ್ಯದ ಟಿಕೆಟ್‌ಗಳಲ್ಲಿ ಸುಮಾರು ಶೇಕಡಾ 40 ಮೂವಿಪಾಸ್ ಕಾರ್ಡಿನವು. ಅಂದರೆ ತಾನೇ ದುಡ್ಡು ಹಾಕಿದ ಸಿನಿಮಾಕ್ಕೆ ತಾನೇ ಟಿಕೆಟ್ ಕೊಂಡು ಜನರನ್ನು ಕಳಿಸಿತು. ಇದು ಹಾಲಿವುಡ್ಡಿಗೆ ಹೊಸದಿರಬಹುದು, ನಮ್ಮ ಗಾಂಧಿನಗರದವರು ಹೌಸ್‌ಫುಲ್ ಬೋರ್ಡು ತೂಗಿಸಲು ಪಡುವ ಪಾಡು ಕಂಡವರಿಗೆ ಇದರಲ್ಲಿ ಸೋಜಿಗವೇನಿಲ್ಲ.

ದುಡ್ಡು ತಳ ಕಂಡಾಗ ಶುರುವಾದವು ನೋಡಿ ನಿಯಮಗಳು. ಒಂದೇ ಸಿನಿಮಾವನ್ನು ಎರಡನೇ ಸಲ ನೋಡುವಂತಿಲ್ಲ. ಈ ನಿಯಮ ನಮ್ಮ ಕೆ.ಜಿ. ರಸ್ತೆಯಲ್ಲಿ ಬಂದಿದ್ದರೆ 1972ರ 'ಬಂಗಾರದ ಮನುಷ್ಯ' ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡುತ್ತಿತ್ತೇ? ಎರಡನೇ ನಿಯಮ, ಹರಿದ ಟಿಕೆಟ್ಟಿನ ಫೋಟೋ ತೆಗೆದು ಕಳಿಸಬೇಕು. ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರಿಗೆ ಹೆದರಿ ಟಿಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದಿಟ್ಟುಕೊಳ್ಳುವಂತೆ ಜನ ಸಿನಿಮಾ ಮುಗಿದ ಮೇಲೂ ಚೀಟಿ ಕಾಪಾಡಿದರು. ಮೂರನೆಯದು, ಜನ ಮುಗಿಬೀಳುವ ಸಿನಿಮಾಕ್ಕೆ ಮೇಲೆ ಇಷ್ಟು ಕೊಡಿ ಅನ್ನುವ ಹೆಚ್ಚುವರಿ ದರ. ಕೊನೆಗೆ ಆಗಸ್ಟಿನಲ್ಲಿ ದಿನಕ್ಕೊಂದು ಹೋಗಿ ತಿಂಗಳಿಗೆ ಮೂರು.

ಅದಕ್ಕೂ ಕೆಲವೇ ದಿನ ಮುಂಚೆ, 2018ರ ಜುಲೈ 26ರ ರಾತ್ರಿ ಕಾರ್ಡುಗಳು ಕೈಕೊಟ್ಟವು. ಜನ ಕೌಂಟರಿನಲ್ಲಿ ಉಜ್ಜುತ್ತಾರೆ, ಉಜ್ಜುತ್ತಾರೆ, ಟಿಕೆಟ್ ಬರಲೊಲ್ಲದು. ಮೊದಲು ತಾಂತ್ರಿಕ ತೊಂದರೆ ಅಂದರು. ಮಾರನೆಯ ದಿನ ಷೇರುಪೇಟೆಗೆ ಕೊಟ್ಟ ಕಾಗದದಲ್ಲಿ ನಿಜ ಹೊರಬಿತ್ತು: ಟಿಕೆಟ್ ಹಣ ಕಟ್ಟಲು ಕಂಪನಿಯ ಬಳಿ ಕಾಸಿರಲಿಲ್ಲ, ತುರ್ತಾಗಿ 50 ಲಕ್ಷ ಡಾಲರ್ ಸಾಲ ಎತ್ತಿತ್ತು. ಆ ವಾರ ಬಿಡುಗಡೆಯಾಗಿದ್ದು ಟಾಮ್ ಕ್ರೂಸನ 'ಮಿಷನ್: ಇಂಪಾಸಿಬಲ್ – ಫಾಲ್‌ಔಟ್'. ಕಾರ್ಡಿನವರಿಗೆ ಅದರ ಹೆಸರು ಅಕ್ಷರಶಃ ನಿಜವಾಯಿತು.

ಆಗ ಒಳಗೊಳಗೆ ನಡೆದದ್ದು ಇನ್ನೂ ರುಚಿಯಾಗಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಹೊರಿಸಿದ ಆರೋಪದ ಪ್ರಕಾರ ಕಂಪನಿ ಅತಿ ಹೆಚ್ಚು ಸಿನಿಮಾ ನೋಡುವ 75,000 ಮಂದಿಯನ್ನು ಆರಿಸಿ ಅವರ ಪಾಸ್‌ವರ್ಡ್ ರದ್ದು ಮಾಡಿತ್ತು. ಕಾರಣ ಕೇಳಿದರೆ ನಿಮ್ಮ ಖಾತೆಯಲ್ಲಿ ಏನೋ ಅನುಮಾನಾಸ್ಪದ ಕಂಡಿದೆ ಅನ್ನುವ ಉತ್ತರ. ಅನುಮಾನ ಏನಪ್ಪಾ ಅಂದರೆ ಅವರು ಸಿನಿಮಾ ನೋಡುತ್ತಿದ್ದರು! ಸಿನಿಮಾ ನೋಡಿ ಅಂತ ಕಾರ್ಡು ಕೊಟ್ಟು, ನೋಡಿದವನನ್ನು ಕಳ್ಳ ಅನ್ನುವ ಇಂಥ ವ್ಯಾಪಾರದಲ್ಲಿ ಸಿನಿಮಾ ಪ್ರೇಮಿಯೇ ಶತ್ರು. ದುಡ್ಡು ಕಟ್ಟಿ ಮರೆತುಬಿಡುವವನೇ ಪರಮಮಿತ್ರ.

ಷೇರಿನ ಕಥೆ ಬೇಗ ಮುಗಿಯುತ್ತದೆ. ಬೆಲೆ ಹತ್ತು ಸೆಂಟಿಗೂ ಕೆಳಗಿಳಿದಾಗ 250 ಷೇರುಗಳನ್ನು ಒಟ್ಟುಗೂಡಿಸಿ ಒಂದು ಮಾಡಿದರು. ಬೆಲೆ ಕಾಗದದ ಮೇಲೆ 250 ಪಟ್ಟು ಏರಿತು, ಕೆಲವೇ ವಾರಗಳಲ್ಲಿ ಮತ್ತೆ ಚಿಲ್ಲರೆ ಸೆಂಟಿಗೆ ಬಂದು ನಿಂತಿತು. 2019ರ ಸೆಪ್ಟೆಂಬರ್ 14ಕ್ಕೆ ಮೂವಿಪಾಸ್ ಬಾಗಿಲು ಹಾಕಿತು. 2020ರ ಜನವರಿಯಲ್ಲಿ ದಿವಾಳಿ ಅರ್ಜಿ. ಹೂಡಿಕೆದಾರರಿಗೆ ಸುಳ್ಳು ಹೇಳಿದ ಪ್ರಕರಣದಲ್ಲಿ ಲೋ 2024ರಲ್ಲಿ, ಫಾರ್ನ್ಸ್‌ವರ್ತ್ 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಈ ದರ ಬಾಳುವುದಿಲ್ಲ ಅಂತ ಮೊದಲೇ ಗೊಣಗಿದ್ದ ಸ್ಪೈಕ್ಸ್‌ರನ್ನು 2018ರ ಜನವರಿಯಲ್ಲೇ ಹೊರಗೆ ಹಾಕಿದ್ದರು. ಅದೇ ಸ್ಪೈಕ್ಸ್ 2021ರಲ್ಲಿ ದಿವಾಳಿ ಹರಾಜಿನಿಂದ ತಮ್ಮ ಕೂಸನ್ನು ಎರಡೂವರೆ ಲಕ್ಷ ಡಾಲರಿಗೂ ಕಡಿಮೆಗೆ ಕೊಂಡು, ಮರುವರ್ಷ ಹೊಸ ಲೆಕ್ಕದಲ್ಲಿ ಮತ್ತೆ ಶುರು ಮಾಡಿದರು. ಮಾವ ಮನೆಯಿಂದ ಹೊರದಬ್ಬಿದ ಅಳಿಯನೇ ಹರಾಜಿನಲ್ಲಿ ಮನೆ ಕೊಂಡರೆ ಹೇಗಿರುತ್ತದೋ ಹಾಗೆ.

ಇಷ್ಟಾದರೂ ತಿಂಗಳ ಚಂದಾ ಅನ್ನುವ ವಿಚಾರ ಸತ್ತಿಲ್ಲ. ಬುದ್ಧಿ ಹೇಳಿದ್ದ ಎಎಂಸಿಯೇ 2018ರ ಜೂನಿನಲ್ಲಿ ತನ್ನದೇ ಕಾರ್ಡು ತಂದಿತು: ತಿಂಗಳಿಗೆ 19 ಡಾಲರ್ 95 ಸೆಂಟು, ವಾರಕ್ಕೆ ಮೂರು ಸಿನಿಮಾ. ಬೆಲೆ ಎರಡರಷ್ಟಾದರೂ ಅದು ಬದುಕಿತು, ಏಕೆಂದರೆ ಕುರ್ಚಿ ಅವರದು, ಪಾಪ್‌ಕಾರ್ನೂ ಅವರದು. ಫ್ರಾನ್ಸಿನ ಯುಜಿಸಿ ಸಂಸ್ಥೆ 2000ನೇ ಇಸವಿಯಲ್ಲೇ ಇಂಥ ಕಾರ್ಡು ತಂದಾಗ ಅಲ್ಲಿನ ಸಿನಿಮಾ ಮಂದಿ ಗಲಾಟೆ ಎಬ್ಬಿಸಿ ಕಾನೂನಿನ ಕಡಿವಾಣ ಹಾಕಿಸಿದರು. ಕಡಿವಾಣ ಹಾಕಿಕೊಂಡೇ ಅದು ಇಂದಿಗೂ ನಡೆಯುತ್ತಿದೆ.

ನಮ್ಮಲ್ಲೂ ಪಿವಿಆರ್ ಐನಾಕ್ಸ್ 2023ರ ಅಕ್ಟೋಬರಿನಲ್ಲಿ 'ಪಾಸ್‌ಪೋರ್ಟ್' ಅಂತ ಒಂದು ತಂದಿತು. 699 ರೂಪಾಯಿಗೆ ತಿಂಗಳಿಗೆ ಹತ್ತು ಸಿನಿಮಾ, ಆದರೆ ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಐಮ್ಯಾಕ್ಸ್, ಸೋಫಾ ಇರುವ ತೆರೆಗಳು ಸೇರಿರಲಿಲ್ಲ. ಹೇಗೂ ಖಾಲಿ ಬಿದ್ದಿರುವ ಕುರ್ಚಿಯನ್ನು, ಜನಕ್ಕೆ ಹೇಗೂ ಬಿಡುವಿಲ್ಲದ ದಿನ ಮಾರುವ ಈ ಜಾಣತನಕ್ಕೆ ಕೈಮುಗಿಯಬೇಕು. ಮೂವಿಪಾಸ್‌ನ ಸೋಲು ನೋಡಿ ಪಾಠ ಕಲಿತವರು ಸಿಕ್ಕಿದ್ದಾರೆ. ನಮ್ಮ ಕರ್ನಾಟಕ ಸರ್ಕಾರವಂತೂ ಇನ್ನೊಂದು ದಾರಿ ಹಿಡಿದು 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹೇರಿತು. ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅಮೆರಿಕದಲ್ಲಿ ಅಗ್ಗದ ಟಿಕೆಟ್ ಎರಡು ವರ್ಷವಾದರೂ ಬಾಳಿತ್ತು.

ಈ ಹಗರಣದಲ್ಲಿ ಗೆದ್ದವರು ಯಾರು ಅಂತ ಕೇಳುತ್ತೀರಾ? ಥಿಯೇಟರಿನವರು ಪೂರ್ತಿ ದುಡ್ಡು ಎಣಿಸಿಕೊಂಡರು. ಪಾಸ್‌ವರ್ಡ್ ಹೋಗುವ ತನಕ ನೋಡಿದ ಸಿನಿಮಾ ಹುಚ್ಚರು ಕಣ್ತುಂಬ ನೋಡಿಕೊಂಡರು. ಸೋತವರು ಷೇರು ಕೊಂಡವರು ಮತ್ತು ಅಗ್ಗವೆಂದು ವರ್ಷದ ಚಂದಾವನ್ನು ಮುಂಗಡ ಕಟ್ಟಿದವರು. ಆದ್ದರಿಂದ ನಾಳೆ ಯಾರಾದರೂ ಬಂದು ಹತ್ತು ರೂಪಾಯಿಯ ಸಾಮಾನನ್ನು ಒಂದು ರೂಪಾಯಿಗೆ ಕೊಡುತ್ತೇನೆ ಅಂದರೆ ನಾಚಿಕೊಳ್ಳಬೇಡಿ, ಕೊಟ್ಟಷ್ಟು ದಿನ ತೆಗೆದುಕೊಳ್ಳಿ. ಚಂದಾ ಮಾತ್ರ ತಿಂಗಳ ಲೆಕ್ಕದಲ್ಲಿ ಕಟ್ಟಿ. ಆ ಕಂಪನಿಯ ಷೇರು ಮುಟ್ಟಬೇಡಿ.