ಅಪ್‌ಡೇಟಿನ ವ್ಯಾಕರಣ: ಒಂದು ಲಘು ಶಾಸ್ತ್ರಗ್ರಂಥ

ಪೀಠಿಕೆ

ಕೇಶಿರಾಜನು 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ರಚಿಸಿದಾಗ ಟ್ಯಾಬ್ಲೆಟ್ ಇರಲಿಲ್ಲ. ಆ ಗ್ರಂಥದಲ್ಲಿ ಪ್ರಸ್ತುತ ವಿಷಯ ಬಿಟ್ಟುಹೋದದ್ದನ್ನು ಕ್ಷಮಿಸೋಣ. ಈ ಶಾಸ್ತ್ರಕಾರನಿಗೆ ಮಾತ್ರ ಅಂಥ ಅದೃಷ್ಟವಿಲ್ಲ. ‘ಹೊಸ ಆವೃತ್ತಿ ಸಿದ್ಧವಿದೆ’ ಎಂಬ ಸಂದೇಶವನ್ನು ಒಂದು ರಾತ್ರಿ ಒತ್ತಿದ ಫಲವಾಗಿ ಕೆಳಗಿನ ಮೂರು ಸೂತ್ರಗಳು ಹುಟ್ಟಿದವು.

ಸೂತ್ರ 1: ಹಳೆಯದಕ್ಕೆ ಹೊಸದು ಸೇರುವಲ್ಲಿ ಲೋಪ, ಆಗಮ, ಆದೇಶ.

ವೃತ್ತಿ: ಊರು, ಅಲ್ಲಿ ಕೂಡಿ ‘ಊರಲ್ಲಿ’ ಆದಾಗ ಉಕಾರವೊಂದು ಹೋಗುತ್ತದೆ. ನನ್ನ ಟ್ಯಾಬ್ಲೆಟ್ಟಿನಲ್ಲಿ ವೈಫೈ ಹೋಯಿತು. ಇದು ಲೋಪ. ‘ಮನೆಯಲ್ಲಿ’ ಎಂಬಲ್ಲಿ ಕರೆಯದೆ ಬಂದ ಯಕಾರದಿಂದ ನಾಲಿಗೆಗೆ ಅನುಕೂಲ. ಕರೆಯದೆ ಬಂದ ಮೂರು ರಮ್ಮಿ ಆಟಗಳಿಂದ ಯಾರಿಗೆ ಅನುಕೂಲವೋ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದು ಆಗಮ. ‘ಮಳೆಗಾಲ’ದಲ್ಲಿ ಕಕಾರದ ಜಾಗಕ್ಕೆ ಗಕಾರ ಬಂದಂತೆ, ದಿನವಿಡೀ ಬಾಳುವ ಬ್ಯಾಟರಿಯ ಜಾಗಕ್ಕೆ ಎರಡು ತಾಸಿನದು ಬಂದರೆ ಆದೇಶ. ಇದನ್ನೆಲ್ಲ ಕಂಡು ಬಾಯಿಂದ ಹೊರಟ ‘ಅಯ್ಯೋ ಇದೇನು’ ಮಾತ್ರ ಸಂಧಿಯಾಗದೆ ಇದ್ದಂತೆಯೇ ಉಳಿಯಿತು. ಅದನ್ನು ಪ್ರಕೃತಿಭಾವಕ್ಕೆ ಉದಾಹರಣೆಯೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಮೇಷ್ಟ್ರು ತ್ರಿಕಾಲಜ್ಞಾನಿಗಳೇ ಸರಿ.

ಸೂತ್ರ 2: ದೋಷ ತಿದ್ದಲು ಬಂದ ಅಪ್‌ಡೇಟಿನಿಂದ ದ್ವಿರುಕ್ತಿ.

ವೃತ್ತಿ: ಎರಡನೆಯ ಅಪ್‌ಡೇಟಿನ ಬಳಿಕ ಪರದೆಯಲ್ಲಿ ಕಂಪನಿಯ ಲಾಂಛನ ಬಂತು, ಹೋಯಿತು; ಬಂತು, ಹೋಯಿತು. ಲೌಕಿಕರು ಇದನ್ನು ಬೂಟ್‌ಲೂಪ್ ಎನ್ನುವರು. ಇದಕ್ಕೆ ಮದ್ದಿಲ್ಲವೆಂದಲ್ಲ. 2016ರ ಆಂಡ್ರಾಯ್ಡ್ 7.0 ಎ, ಬಿ ಎಂಬ ಜೋಡಿ ವಿಭಾಗಗಳ ಏರ್ಪಾಡು ತಂದಿತು: ಒಂದು ಕೆಲಸ ಮಾಡುತ್ತಿರುವಾಗ ಹೊಸ ಆವೃತ್ತಿ ಇನ್ನೊಂದರಲ್ಲಿ ಕೂರುತ್ತದೆ, ಅದು ಏಳದಿದ್ದರೆ ಹಳೆಯದಕ್ಕೆ ಮರಳಬಹುದು. ಇದು ದ್ವಂದ್ವ ಸಮಾಸ. ನನ್ನ ಯಂತ್ರವೋ ಏಕವಚನ.

ಪೂರ್ವಪಕ್ಷ: ಅಗ್ಗದ ಮಾಲು ಕೊಂಡವನ ಹಣೆಬರಹ ಇಷ್ಟೇ.

ಸಿದ್ಧಾಂತ: ಅಲ್ಲ. 2013ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಆರ್‌ಟಿ 8.1 ಅನ್ನು ಹಿಂದಕ್ಕೆ ಪಡೆಯಿತು. 2024ರ ಸೆಪ್ಟೆಂಬರಿನಲ್ಲಿ ಆ್ಯಪಲ್ ತನ್ನ ಎಂ4 ಐಪ್ಯಾಡ್ ಪ್ರೊಗಳಿಗೆ ಐಪ್ಯಾಡ್‌ಓಎಸ್ 18 ಕೊಡುವುದನ್ನು ತಡೆಹಿಡಿಯಿತು. ಎರಡೂ ಸಲ ಕೆಲವು ಯಂತ್ರಗಳು ಮಲಗಿದವು, ಏಳಲಿಲ್ಲ; ಇಟ್ಟಿಗೆಯಾದವು. ಬೆಲೆ ಏರಿದಂತೆ ಇಟ್ಟಿಗೆಗೆ ಹೊಳಪು ಏರುತ್ತದೆ, ಅಷ್ಟೇ ವ್ಯತ್ಯಾಸ.

ಸೂತ್ರ 3: ಗ್ರಾಹಕ ಸೇವೆಯಲ್ಲಿ ಕರ್ತೃವಿಗೆ ನಿತ್ಯಲೋಪ.

ವೃತ್ತಿ: ಕನ್ನಡಕ್ಕಾಗಿ 3 ಒತ್ತಿದರೆ ಹಿಂದಿ ಕೇಳಿಸುವುದು ಆದೇಶಸಂಧಿಯೇ ಆದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಮೂರು ವಾರಗಳಲ್ಲಿ ಏಳು ಕರೆ ಮಾಡಿದೆ. ಪ್ರತಿ ಸಲ ಹೊಸ ದನಿ, ಹಳೆಯ ಮಂತ್ರ: ‘ಆಫ್ ಮಾಡಿ ಆನ್ ಮಾಡಿ ಸರ್.’ ಆಫ್ ಆಗುವುದೊಂದೇ ಯಂತ್ರಕ್ಕೆ ಬರುವ ವಿದ್ಯೆ ಎಂದು ವಿನಂತಿಸಿದೆ. ‘ಹಾಗಾದರೆ ರೀಸೆಟ್ ಮಾಡಿ, ಡೇಟಾ ಹೋಗುತ್ತೆ.’ ಗಮನಿಸಿ: ಹೋಗುತ್ತೆ. ಯಾರೂ ಕಳೆಯುವುದಿಲ್ಲ; ಎಂಟು ವರ್ಷದ ಫೋಟೊಗಳು ತಾವಾಗಿಯೇ ಎದ್ದು ಹೊರಡುತ್ತವೆ.

ಆಮೇಲೆ ಎಸ್‌ಎಂಎಸ್‌ಗಳು ಬಂದವು. ‘ದೂರನ್ನು ದಾಖಲಿಸಲಾಗಿದೆ.’ ‘ಪರಿಶೀಲಿಸಲಾಗುತ್ತಿದೆ.’ ‘ಪರಿಹರಿಸಲಾಗಿದ್ದು, ಮುಚ್ಚಲಾಗಿದೆ.’ ಯಾರು ದಾಖಲಿಸಿದರು? ಯಾರು ಮುಚ್ಚಿದರು? ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಕರ್ಮಣಿ ಪ್ರಯೋಗದಲ್ಲೂ ತೃತೀಯಾ ವಿಭಕ್ತಿಯ ಮರೆಯಲ್ಲಿ ರಾಮ ಸಿಗುತ್ತಾನೆ. ಇಲ್ಲಿ ರಾವಣ ಸತ್ತು ಬಿದ್ದಿದ್ದಾನೆ, ರಾಮನ ಸುಳಿವಿಲ್ಲ.

ಉಪಸಂಹಾರ

ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವ ಮೊದಲು, ಕರ್ತೃವನ್ನು ಹುಡುಕುತ್ತ ಕಂಪನಿಯ ಷರತ್ತುಗಳನ್ನು ಪೂರ್ತಿ ಓದಿದೆ. ಕೊನೆಯ ಪುಟದಲ್ಲಿ ಸಿಕ್ಕಿತು: ‘ನೀವು ಇವೆಲ್ಲವನ್ನೂ ಓದಿ ಒಪ್ಪಿದ್ದೀರಿ.’ ಮಧ್ಯಮ ಪುರುಷ, ಕರ್ತರಿ ಪ್ರಯೋಗ, ಒಂದಿಷ್ಟೂ ಲೋಪವಿಲ್ಲ. ಈ ವ್ಯವಹಾರದಲ್ಲಿ ಏನನ್ನಾದರೂ ಮಾಡಿದ ಏಕೈಕ ವ್ಯಕ್ತಿ ನಾನೇ.

ಆದ್ದರಿಂದ ಪ್ರಬಂಧವನ್ನು ಇಲ್ಲಿಗೆ ಮುಗಿಸಲಾಗಿದೆ.