ಇಷ್ಟವೋ ಕಷ್ಟವೋ, ಟಿಕ್ ಹಾಕಿ

ಸಿಬ್ಬಂದಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ಕುತೂಹಲ ಕಂಪನಿಗಳಿಗೆ ಉಕ್ಕುವುದು ಸಾಮಾನ್ಯವಾಗಿ ತೀರ್ಮಾನ ಆದ ಮೇಲೆ. ‘ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬರತಕ್ಕದ್ದು’ ಎಂಬ ಮೇಲ್ ಸೋಮವಾರ ಬರುತ್ತದೆ. ‘ಮನೆಯಿಂದ ಕೆಲಸ ಮಾಡಲು ನಿಮಗೆಷ್ಟು ಇಷ್ಟ? ಒಂದರಿಂದ ಐದರೊಳಗೆ ಅಂಕ ಕೊಡಿ’ ಎಂಬ ಸಮೀಕ್ಷೆ ಬುಧವಾರ ಬರುತ್ತದೆ. ಹೆಸರು ಬರೆಯಬೇಕಿಲ್ಲ, ಉತ್ತರ ಗೋಪ್ಯ ಎಂಬ ಅಭಯವೂ ಉಂಟು. ಎಂಪ್ಲಾಯೀ ಐಡಿ ಹಾಕಿ ಲಾಗಿನ್ ಆದರಾಯಿತು.

ಐದು ಹಾಕಿದವನು ಸೋಮಾರಿ. ಒಂದು ಹಾಕಿದವನಿಗೆ ಮನೆಯಲ್ಲಿ ಏನೋ ಸರಿಯಿಲ್ಲ. ಮೂರು ಹಾಕಿದವನಿಗೆ ಮ್ಯಾನೇಜರ್ ಆಗುವ ಸಕಲ ಲಕ್ಷಣಗಳಿವೆ.

ಪ್ರಶ್ನೆಗಳೂ ಘನವಾದವೇ. ನಿಮ್ಮಲ್ಲಿ ಸ್ವಯಂಶಿಸ್ತು ಇದೆಯೇ? ತಂತ್ರಜ್ಞಾನದ ಬಗ್ಗೆ ಭಯ ಇದೆಯೇ? ತಂಡದ ಜತೆ ಭಾವನಾತ್ಮಕ ನಂಟು ಹೇಗಿದೆ? ನಿಮ್ಮ ಮನೆಗೂ ಆಫೀಸಿಗೂ ನಡುವೆ ಎಷ್ಟು ಸಿಗ್ನಲ್, ಮನೆಯಲ್ಲಿ ಎಷ್ಟು ರೂಮು, ಚಪಾತಿ ಲಟ್ಟಿಸುವವರು ಯಾರು, ಯುಪಿಎಸ್ ಎಷ್ಟು ಹೊತ್ತು ಬರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿಬಿಟ್ಟರೆ ‘ಮನೋಭಾವ’ ಎಂಬ ಅಧ್ಯಾಯವೇ ವರದಿಯಿಂದ ಬಿದ್ದುಹೋಗುತ್ತದಲ್ಲ!

ಮನಸ್ಸು ಬದಲಾಗುವುದು ಉದ್ಯೋಗಿಗೆ ಮಾತ್ರ ಅಂಟಿದ ರೋಗವೂ ಅಲ್ಲ. 2020ರಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿಯಾದ ಟಿಸಿಎಸ್ ‘25 ಬೈ 25’ ಎಂಬ ಕನಸನ್ನು ಸಾರಿತು: 2025ರ ಹೊತ್ತಿಗೆ ಒಮ್ಮೆಗೆ ಆಫೀಸಿನಲ್ಲಿ ಇರಬೇಕಾದವರು ನೂರಕ್ಕೆ 25 ಮಂದಿ ಮಾತ್ರ. ಮನೆಯೇ ಮಂತ್ರಾಲಯ ಎಂದು ಹಾಡಿದವರೆಲ್ಲ ಚಪ್ಪಾಳೆ ತಟ್ಟಿದರು. 2023ರ ಅಕ್ಟೋಬರ್ ಬಂತು, ವಾರಕ್ಕೆ ಐದು ದಿನ ಬನ್ನಿ ಎಂದಾಯಿತು. 2024ರಲ್ಲಿ ಸಂಬಳದ ಒಂದು ಪಾಲನ್ನೇ ಹಾಜರಿಗೆ ಗಂಟುಹಾಕಲಾಯಿತು. 2025 ಕೂಡ ಬಂತು. 25 ಎಲ್ಲಿ ಹೋಯಿತು ಎಂದು ಕೇಳಬೇಡಿ, 5 ಉಳಿದಿದೆ.

ಇನ್ನೂ ಸೊಗಸು ಝೂಮ್ ಕಂಪನಿಯದು. ಮನೆಯಲ್ಲೇ ಕೂತು ಮೀಟಿಂಗ್ ಮಾಡಿ ಎಂದು ಲೋಕಕ್ಕೆಲ್ಲ ಕಲಿಸಿ ಕೋಟಿ ಕೋಟಿ ಎಣಿಸಿದ ಆ ಕಂಪನಿ, 2023ರ ಆಗಸ್ಟ್‌ನಲ್ಲಿ ತನ್ನ ಆಫೀಸಿನಿಂದ 50 ಮೈಲಿಯೊಳಗೆ ಇರುವ ಸಿಬ್ಬಂದಿಗೆ ವಾರಕ್ಕೆರಡು ದಿನ ಖುದ್ದಾಗಿ ಬನ್ನಿ ಎಂದಿತು. ಉದ್ಯೋಗಿ ಮನಸ್ಸು ಬದಲಿಸಿದರೆ ಅದು ಅಶಿಸ್ತು. ಕಂಪನಿ ಬದಲಿಸಿದರೆ ಅದು ಸ್ಟ್ರಾಟೆಜಿ.

ಸರ್ಕಾರ ಹಿಂದೆ ಬಿದ್ದೀತೇ? 2021ರ ಆಗಸ್ಟ್‌ನಲ್ಲಿ ಕರ್ನಾಟಕದ ಐಟಿ-ಬಿಟಿ ಇಲಾಖೆ ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಂಪನಿಗಳಿಗೆ ಒಂದು ಸಲಹೆ ಕೊಟ್ಟಿತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ ನಡೆಯುತ್ತಿದೆ, 2022ರ ಡಿಸೆಂಬರ್‌ವರೆಗೆ ನಿಮ್ಮವರನ್ನು ಮನೆಯಿಂದಲೇ ದುಡಿಸಿಕೊಳ್ಳಿ ಎಂದು. ಜನ ಓಡಾಡಲೆಂದು ಮೆಟ್ರೊ, ಮೆಟ್ರೊ ಕಟ್ಟಲೆಂದು ಜನ ಓಡಾಡದಿರುವುದು. 2025 ಮುಗಿದರೂ ಆ ಮಾರ್ಗದಲ್ಲಿ ರೈಲು ಓಡಲಿಲ್ಲ, ಜನ ಮಾತ್ರ ಎಂದೋ ರಸ್ತೆಗಿಳಿದಿದ್ದರು. ಅದೇ 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ಟಿಕೆಟ್ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹಳದಿ ಮಾರ್ಗ ತೆರೆದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಇಷ್ಟಾದ ಮೇಲೂ ‘ಆಫೀಸಿಗೆ ಬರುವ ಉತ್ಸಾಹ ಯಾಕೆ ಕುಗ್ಗಿದೆ’ ಎಂದು ಸಂಶೋಧನೆ ಮಾಡುವವರ ಉತ್ಸಾಹ ದೊಡ್ಡದು.

ಟಾಮ್‌ಟಾಮ್ ಎಂಬ ನಕ್ಷೆ ಕಂಪನಿ 2022ರ ಲೆಕ್ಕದಲ್ಲಿ ನಮ್ಮ ನಗರವನ್ನು ಲಂಡನ್ ಬಿಟ್ಟರೆ ಲೋಕದಲ್ಲೇ ಅತಿ ನಿಧಾನದ ನಗರ ಎಂದಿತು: 10 ಕಿಲೋಮೀಟರ್ ದಾಟಲು 29 ನಿಮಿಷ 10 ಸೆಕೆಂಡ್. ಮಾರತ್‌ಹಳ್ಳಿಯವರು ಇದನ್ನು ಓದಿದರೆ ‘ಅಷ್ಟು ಬೇಗ ಹೋದ ಪುಣ್ಯಾತ್ಮ ಯಾರು?’ ಎಂದು ಕೇಳಿಯಾರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಮುಳುಗಿದಾಗ ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅವರಲ್ಲಿ ಎಷ್ಟೋ ಜನ ಊರಲ್ಲಿ ಟ್ರ್ಯಾಕ್ಟರ್ ಬಿಟ್ಟು ಓದಿ ಬಂದವರು. ರಾಜಧಾನಿ ಅವರನ್ನು ಮತ್ತೆ ಹತ್ತಿಸಿತು.

ಹಾಗೆಂದು ಎಲ್ಲರೂ ಮನೆಗೇ ಜೋತುಬಿದ್ದಿದ್ದಾರೆ ಎಂದುಕೊಳ್ಳಬೇಡಿ. ಬಿಟಿಎಂ ಲೇಔಟಿನ ಪಿಜಿಗೆ ಹೋಗಿ ನೋಡಿ. ತ್ರೀ ಶೇರಿಂಗ್ ರೂಮು. ಒಬ್ಬ ಮಂಚದ ಮೇಲೆ ಅಮೆರಿಕದ ಕ್ಲೈಂಟಿಗೆ ವಿವರಣೆ ಕೊಡುತ್ತಿದ್ದಾನೆ, ಇನ್ನೊಬ್ಬ ನೈಟ್ ಶಿಫ್ಟ್ ಮುಗಿಸಿ ಗೊರಕೆ ಹೊಡೆಯುತ್ತಿದ್ದಾನೆ, ಮೂರನೆಯವನು ಬಕೆಟ್ ಹಿಡಿದು ಬಾತ್‌ರೂಮಿನ ಬಾಗಿಲು ಬಡಿಯುತ್ತಿದ್ದಾನೆ. ಮಧ್ಯಾಹ್ನದ ಸಾಂಬಾರಿನಲ್ಲಿ ನಿನ್ನೆಯ ಇತಿಹಾಸವಿದೆ. ಈ ಹುಡುಗ ‘ಆಫೀಸೇ ಇಷ್ಟ’ ಎಂದು ಟಿಕ್ ಹಾಕುತ್ತಾನೆ. ಅವನಿಗೆ ಬೇಕಾದದ್ದು ಒಂದು ಕುರ್ಚಿ, ಎಸಿ, ಪುಕ್ಕಟೆ ಕಾಫಿ. ವರದಿಯಲ್ಲಿ ಮಾತ್ರ ಅದು ‘ಯುವಪೀಳಿಗೆ ಸಹಯೋಗದ ಸಂಸ್ಕೃತಿಯನ್ನು ಬಯಸುತ್ತದೆ’ ಎಂದಾಗುತ್ತದೆ.

ಅತ್ತ ಬನಶಂಕರಿಯ ಎರಡು ರೂಮಿನ ಮನೆಯಲ್ಲಿ ಇಬ್ಬರು ಮಕ್ಕಳ ತಾಯಿ ‘ಮನೆಯೇ ಇಷ್ಟ’ ಎಂದು ಟಿಕ್ ಹಾಕುತ್ತಾಳೆ. ‘ಮಹಿಳೆಯರು ಹೊಂದಾಣಿಕೆಯ ವೇಳೆಯನ್ನು ಮೆಚ್ಚುತ್ತಾರೆ’ ಎಂದು ವರದಿ ಪುಳಕಗೊಳ್ಳುತ್ತದೆ. ಮೆಚ್ಚದೆ ಏನು ಮಾಡಿಯಾಳು? ಸಮಯ ಬಳಕೆಯ ಬಗ್ಗೆ ಕೇಂದ್ರ ಸರ್ಕಾರವೇ 2019ರಲ್ಲಿ ನಡೆಸಿದ ಸಮೀಕ್ಷೆ ಇದೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಕೈಹಾಕುತ್ತಿದ್ದ ಗಂಡಸರೇ ನೂರಕ್ಕೆ 26 ಮಂದಿ. ಉಳಿದವರು ‘ಹೆಲ್ಪ್ ಏನಾದ್ರೂ ಬೇಕಾ?’ ಎಂದು ಸೋಫಾದಿಂದಲೇ ಕೇಳುವವರು. ಅವರದು ನಿಜವಾದ ರಿಮೋಟ್ ವರ್ಕ್.

ಆ ತಾಯಿಯ ಟಿಕ್ಕಿನ ಅರ್ಥ ಏನೆಂದು ಚೆನ್ನೈನಲ್ಲಿ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಡೇಟಾ ಎಂಟ್ರಿ ಕೆಲಸಕ್ಕೆ ಬಂದವರಲ್ಲಿ ಕೆಲವರನ್ನು ಮನೆಗೆ, ಕೆಲವರನ್ನು ಆಫೀಸಿಗೆ ಚೀಟಿ ಎತ್ತಿದಂತೆ ಹಂಚಿದರು. ಮನೆಯವರ ಕೆಲಸ ಆಫೀಸಿನವರಿಗಿಂತ ಶೇಕಡ 18ರಷ್ಟು ಕಡಿಮೆ ಬಂತು. 2023ರಲ್ಲಿ ಪ್ರಕಟವಾದ ಈ ಅಧ್ಯಯನದ ಕುಟುಕು ಇರುವುದು ಮುಂದಿನ ಸಾಲಿನಲ್ಲಿ: ಮನೆಯೇ ಬೇಕು ಎಂದು ಮೊದಲೇ ಹೇಳಿದವರು ಮನೆಯಲ್ಲಿ ಇನ್ನೂ ಹೆಚ್ಚು ಹಿಂದೆ ಬಿದ್ದರು. ಮಕ್ಕಳು ಮರಿ, ಆರೈಕೆಯ ಹೊರೆ, ಬಡತನ ಇದ್ದವರಲ್ಲಿ ಇದು ಎದ್ದು ಕಂಡಿತು. ಎಂದರೆ, ಯಾರ ಮನೆಯಲ್ಲಿ ಕೂತು ಕೆಲಸ ಮಾಡುವುದು ಅತಿ ಕಷ್ಟವೋ ಅವರೇ ಮನೆಯನ್ನು ಆರಿಸುತ್ತಾರೆ. ಅವರಿಗೆ ಆಚೆ ಹೋಗುವ ದಾರಿ ಇಲ್ಲ. ಅಂಥವರ ಅಸಹಾಯಕತೆಗೆ ಸಮೀಕ್ಷೆ ಐದಕ್ಕೆ ಐದು ಅಂಕ ಕೊಟ್ಟು ‘ಇಷ್ಟ’ ಎಂದು ನಮೂದಿಸುತ್ತದೆ.

ಊರಿಗೆ ಹೋದವರ ಕಥೆ ಬೇರೆ. ಲಾಕ್‌ಡೌನಿನಲ್ಲಿ ಶಿರಸಿ, ತೀರ್ಥಹಳ್ಳಿ, ಸುಳ್ಯದ ಕಡೆ ಮರಳಿದವರಿಗೆ ಸಿಗ್ನಲ್ ಸಿಕ್ಕಿದ್ದು ಗುಡ್ಡದ ನೆತ್ತಿಯಲ್ಲಿ. ಟಾರ್ಪಾಲು ಕಟ್ಟಿ, ಕೊಡೆ ಹಿಡಿದು ಲಾಗಿನ್ ಆದರು. ಮಳೆಗಾಲದಲ್ಲಿ ಕರೆಂಟು ಹೋದರೆ ಅವರ ಪಾಲಿಗೆ ಕಂಪನಿಯ ಸಿಇಒಗಿಂತ ಲೈನ್‌ಮನ್ ದೊಡ್ಡವನು. ಬೆಂಗಳೂರಿನಲ್ಲಿ ಇದ್ದಷ್ಟು ದಿನ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಮಗ, ಅಪ್ಪನ ಕಣ್ಣಿಗೆ ಸಂಬಳ ಕೇಳದ ಆಳಾಗಿ ಕಂಡ. ‘ಹೆಂಗೂ ಮನೇಲೇ ಇದ್ದೀಯಲ್ಲ ಮಾರಾಯ, ಕೊಳೆ ಔಷಧಿ ಹೊಡೆಯೋರು ಬಂದಿದಾರೆ, ತೋಟದಲ್ಲಿ ಹೋಗಿ ನಿಂತ್ಕೊ.’ ಕ್ಲೈಂಟ್ ಕಾಲ್‌ನ ನಡುವೆ ಅಡಿಕೆ ತೋಟದಿಂದ ಕೂಗು ಕೇಳಿದರೆ ಅದು ‘ಕನೆಕ್ಷನ್ ಪ್ರಾಬ್ಲಂ’. ಆದರೂ ‘ಊರಲ್ಲೇ ಇದ್ದು ಕೆಲಸ ಮಾಡುವ ವರ’ ಎಂಬ ಹೊಸ ತಳಿಗೆ ಒಂದೆರಡು ವರ್ಷ ಭಾರೀ ಬೇಡಿಕೆ ಇತ್ತು. ಆಫೀಸಿಗೆ ಬನ್ನಿ ಎಂಬ ಮೇಲ್ ಬಂದಾಗ ಕಂಗಾಲಾದವರಲ್ಲಿ ಬೀಗರೂ ಇದ್ದರು.

ಕೊನೆಗೆ ಉಳಿದವರು ಮ್ಯಾನೇಜರ್ ಸಾಹೇಬರು. ಕೆಲಸ ಅಳೆಯಲು ಬಾರದವರು ಹಾಜರಿ ಅಳೆಯುತ್ತಾರೆ. ಮನೆಯಲ್ಲಿರುವವನ ಹಾಜರಿ ಎಂದರೆ ಟೀಮ್ಸ್ ಆ್ಯಪಿನ ಹಸಿರು ಚುಕ್ಕೆ. ಅದು ಹಳದಿಯಾದರೆ ಫೋನು. ಚುಕ್ಕೆ ಹಸಿರಾಗಿರಲೆಂದು ಮೌಸ್ ಅಲ್ಲಾಡಿಸುವ ಯಂತ್ರವೇ ಮಾರುಕಟ್ಟೆಗೆ ಬಂತು. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಕೀಬೋರ್ಡ್ ಒತ್ತಿದಂತೆ ನಟಿಸಿದ್ದಕ್ಕೆ ಹನ್ನೆರಡಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು. ಅನುಮಾನ ಪಡುವುದಕ್ಕೆ ಒಂದು ಯಂತ್ರ, ಅನುಮಾನ ತಪ್ಪಿಸುವುದಕ್ಕೆ ಇನ್ನೊಂದು. ಕೆಲಸ ಎಲ್ಲಿತ್ತು ಎಂದು ಎರಡಕ್ಕೂ ಗೊತ್ತಿಲ್ಲ.

ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯಲ್ಲಿ 2010ರಲ್ಲಿ ಶುರುವಾದ ಪ್ರಯೋಗ ಈ ವಿಷಯದಲ್ಲಿ ಹೆಸರುವಾಸಿ. ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಕಾಲ್ ಸೆಂಟರಿನ ಸಿಬ್ಬಂದಿಯನ್ನು ಮನೆಗೆ ಕಳಿಸಿ ನೋಡಿದರು. ಕೆಲಸ ಶೇಕಡ 13ರಷ್ಟು ಏರಿತು, ರಾಜೀನಾಮೆ ಅರ್ಧಕ್ಕೆ ಇಳಿಯಿತು. ಚೆನ್ನೈಯಲ್ಲಿ ಇಳಿದದ್ದು ಚೀನಾದಲ್ಲಿ ಏರಿದ್ದು ಹೇಗೆ ಎಂದು ತಲೆ ಕೆರೆದುಕೊಳ್ಳಬೇಡಿ. ಮನೆಯಲ್ಲಿ ಕೆಲಸಕ್ಕೆಂದೇ ಬೇರೆ ರೂಮು ಇದ್ದವರನ್ನು ಮಾತ್ರ ಅವರು ಸೇರಿಸಿಕೊಂಡಿದ್ದರು. ಇಷ್ಟೆಲ್ಲ ಆಗಿಯೂ ಅಷ್ಟೇ ಚೆನ್ನಾಗಿ ದುಡಿದ ಆಫೀಸಿನವರಿಗೆ ಹೋಲಿಸಿದರೆ ಮನೆಯವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಹೆಚ್ಚು ಮಾಡಿದವರು ಮನೆಯಲ್ಲಿದ್ದರು, ಬಾಸ್ ಕಣ್ಣಿಗೆ ಬಿದ್ದವರು ಆಫೀಸಿನಲ್ಲಿದ್ದರು. ಪ್ರಯೋಗ ಮುಗಿದು ಆಯ್ಕೆ ಕೊಟ್ಟಾಗ ಮನೆಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ವಾಪಸು ಬಂದರು. ಒಂಟಿತನ ಕಾಡಿತು ಎಂದರು. ಇದ್ದರೂ ಇದ್ದೀತು, ಪಕ್ಕದ ಕುರ್ಚಿಯವನಿಗೆ ಪ್ರಮೋಷನ್ ಆದಾಗ ಎಂಥವರಿಗೂ ಒಂಟಿತನ ಕಾಡುತ್ತದೆ.

‘ಇಷ್ಟ’ಕ್ಕೆ ಬೆಲೆ ಕಟ್ಟಿದವರೂ ಇದ್ದಾರೆ. ಅಮೆರಿಕದಲ್ಲಿ ಕಾಲ್ ಸೆಂಟರ್ ಕೆಲಸಕ್ಕೆ ಅರ್ಜಿ ಹಾಕಿದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯಿಂದ ಕೆಲಸ ಸಿಗುವುದಾದರೆ ಸರಾಸರಿ ಶೇಕಡ 8ರಷ್ಟು ಸಂಬಳ ಬಿಡಲು ಜನ ತಯಾರಿದ್ದರು. ನಮ್ಮವರು ಈ ವಿಷಯದಲ್ಲಿ ಮುಂದಿದ್ದಾರೆ, ಕೇಳದೆಯೇ ಕೊಟ್ಟಿದ್ದಾರೆ. ಕುರ್ಚಿ ಸ್ವಂತದ್ದು, ವೈಫೈ ಸ್ವಂತದ್ದು, ಕರೆಂಟು ಸ್ವಂತದ್ದು, ಸೊಂಟನೋವೂ ಸ್ವಂತದ್ದೇ. ಆಫೀಸಿಗೆ ಹೋದರೆ ದಿನಕ್ಕೆ ಎರಡು ಮೂರು ಗಂಟೆ ಆಯುಷ್ಯ ಸ್ವಂತದ್ದು. ಯಾವ ಟಿಕ್ ಹಾಕಿದರೂ ಬಿಲ್ಲು ಒಂದೇ ವಿಳಾಸಕ್ಕೆ ಬರುತ್ತದೆ.

ಆದ್ದರಿಂದ ಒಂದು ಸಣ್ಣ ಅರಿಕೆ. ಸಮೀಕ್ಷೆ ಬಿಡಿ, ಎರಡು ನಿಯಮ ತನ್ನಿ. ಮೊದಲನೆಯದು, ಮನೆಯ ಗೇಟು ದಾಟಿದ ಗಳಿಗೆಯಿಂದ ಹಾಜರಿ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಹೊತ್ತಿಗೂ ಸಂಬಳ. ಎರಡನೆಯದು, ಮನೆಯಿಂದ ದುಡಿಸಿಕೊಂಡರೆ ಕೆಲಸಕ್ಕೆ ಕೂರುವ ಹಾಲ್‌ನ ಮೂಲೆಗೆ ಬೆಂಗಳೂರಿನ ದರದಲ್ಲೇ ಬಾಡಿಗೆ, ಜತೆಗೆ ಹತ್ತು ತಿಂಗಳ ಅಡ್ವಾನ್ಸು. ಮೊದಲ ನಿಯಮ ಬಂದ ಸಂಜೆಯೇ, ಮುಖಾಮುಖಿ ಕೂತರೆ ಮಾತ್ರ ಹೊಸ ಐಡಿಯಾ ಹುಟ್ಟುತ್ತದೆ ಎಂದವರಿಗೆ ಏಕಾಂತದ ಮಹಿಮೆ ಹೊಳೆಯುತ್ತದೆ. ಎರಡನೆಯದು ಬಂದ ತಿಂಗಳೇ ಮತ್ತೆ ಎಲ್ಲರ ಮುಖ ನೋಡುವ ಆಸೆ ಹುಟ್ಟುತ್ತದೆ. ಎರಡೂ ಒಟ್ಟಿಗೆ ಬಂದ ದಿನ ಮನಸ್ಸು ಎಂಬುದು ಹೇಗೆ ಹುಟ್ಟುತ್ತದೆ, ಎತ್ತ ವಾಲುತ್ತದೆ ಎಂದು ಯಾವ ಸಂಶೋಧಕನೂ ವಿವರಿಸಬೇಕಾಗಿಲ್ಲ. ಅದನ್ನಾಗ ಯಾರೂ ಮನೋಭಾವ ಎನ್ನುವುದೂ ಇಲ್ಲ. ಖರ್ಚು ಎನ್ನುತ್ತಾರೆ, ತುರ್ತಾಗಿ ಆಡಳಿತ ಮಂಡಳಿಯ ಸಭೆ ಕರೆಯುತ್ತಾರೆ. ನಿರ್ದೇಶಕರೆಲ್ಲ ತಪ್ಪದೆ ಹಾಜರಾಗುತ್ತಾರೆ, ಅವರವರ ಮನೆಯಿಂದ.